ಕ್ಯೂಆರ್ ಕೋಡ್ ಕಿತ್ತ ಕಾಂಡಿಮೆಂಟ್ಸ್: 2025ರ ಯುಪಿಐ ನೋಟಿಸ್ ಪ್ರಕರಣದ ಪೂರ್ತಿ ಲೆಕ್ಕ

2025ರ ಜುಲೈ ತಿಂಗಳು. ಹನುಮಂತನಗರದಲ್ಲಿ ನಾನು ದಿನಾ ಬೆಳಿಗ್ಗೆ ಹಾಲು ತಗೊಳ್ಳೋ ಒಂದು ಕಾಂಡಿಮೆಂಟ್ಸ್ ಅಂಗಡಿ ಇದೆ, ಅವತ್ತು ಹೋದಾಗ ಚಾಕ್ಲೇಟ್ ಡಬ್ಬಿ ಪಕ್ಕ ಇರ್ತಿದ್ದ ಕ್ಯೂಆರ್ ಸ್ಟ್ಯಾಂಡ್ ಇರ್ಲಿಲ್ಲ. ಗಾಜಿನ ಮೇಲೆ ಅಂಟಿಸಿದ್ದ ಸ್ಟಿಕರನ್ನ ಬ್ಲೇಡಲ್ಲಿ ಕೆರೆದು ತೆಗೆದಿದ್ರು, ಚೌಕಾಕಾರದ ಗೋಂದಿನ ಗುರುತು ಮಾತ್ರ ಹಾಗೇ ಇತ್ತು. "ಇಷ್ಟು ರೂಪಾಯಿ ಬಂದಿದೆ" ಅಂತ ಕೂಗ್ತಿದ್ದ ಸೌಂಡ್ ಬಾಕ್ಸ್ ವೈರ್ ಸುತ್ಕೊಂಡು ಬನ್ ಟ್ರೇ ಕೆಳಗೆ ಕೂತಿತ್ತು. ಬಿಸ್ಕೆಟ್ ಕಾರ್ಟನ್ ಹರಿದು ಅದರ ಹಿಂದುಗಡೆ ಸ್ಕೆಚ್ ಪೆನ್ನಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬರೆದು ನೇತಾಕಿದ್ರು. "ಯಾಕಣ್ಣ, ನಿಮಗೂ ನೋಟಿಸ್ ಬಂತಾ?" ಅಂದೆ. "ನಮಗಿನ್ನೂ ಬಂದಿಲ್ಲ ಸಾರ್, ಬರೋದ್ರೊಳಗೆ ತೆಗೆದ್ಬಿಡಿ ಅಂತ ನಮ್ಮ ಭಾವ ಫೋನ್ ಮಾಡಿದ್ರು, ಅವರ ಬೇಕರಿ ಏರಿಯಾದಲ್ಲಿ ಮೂರು ಜನಕ್ಕೆ ಬಂದಿದೆಯಂತೆ" ಅಂದ್ರು. ನನ್ನ ಹತ್ರ 500ರ ನೋಟು ಬಿಟ್ರೆ ಬೇರೆ ಇರ್ಲಿಲ್ಲ, ಅವರ ಹತ್ರ ಚಿಲ್ರೆ ಇರ್ಲಿಲ್ಲ, ಹಾಲು ಲೆಕ್ಕದ ಪುಸ್ತಕದಲ್ಲಿ ಬರ್ಸಿ ಬಂದೆ.

ಏಳೆಂಟು ವರ್ಷದ ಹಿಂದಿನ ಕಾಲಕ್ಕೆ ಒಂದೇ ವಾರದಲ್ಲಿ ವಾಪಸ್ ಹೋದಂಗಾಯ್ತು. ಬೆಂಗಳೂರಲ್ಲಿ ಸೊಪ್ಪು ಮಾರೋ ಅಜ್ಜಿಯಿಂದ ಹಿಡಿದು ಎಳನೀರು ಗಾಡಿವರೆಗೂ ಕ್ಯೂಆರ್ ತಲುಪಿದ್ದು ಜನ ತಾವಾಗೇ ಒಪ್ಕೊಂಡಿದ್ದಕ್ಕೆ, ಅದನ್ನ ಹೆದರಿಕೆ ಎಷ್ಟು ಬೇಗ ಹಾಳು ಮಾಡ್ತು ಅನ್ನೋದು ನನಗೆ ತುಂಬಾ ನೋವು ಕೊಟ್ಟ ವಿಷಯ. ಹಂಗಾಗಿ ಈ ಪ್ರಕರಣವನ್ನ ಶುರುವಿಂದ ಬಿಡಿಸಿ ಬರೀತಿದ್ದೀನಿ. ನಾನು ಮುಕ್ತ ಮಾರುಕಟ್ಟೆ ಪರ ಇರೋನು ಅನ್ನೋದನ್ನ ಮೊದಲೇ ಹೇಳಿರ್ತೀನಿ, ಆದರೆ ಟ್ಯಾಕ್ಸೇ ಬೇಡ ಅನ್ನೋ ವಾದ ನಂದಲ್ಲ.

ನಡೆದದ್ದು ಏನಂದ್ರೆ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡೋ ಕಂಪನಿಗಳಿಂದ ಡೇಟಾ ತರಿಸ್ಕೊಂಡು 2021-22ರಿಂದ 2024-25ರವರೆಗಿನ ವರ್ಷಗಳಲ್ಲಿ ಯಾರ ಖಾತೆಗೆ ಮಿತಿ ಮೀರಿ ದುಡ್ಡು ಬಂದಿದೆಯೋ, ಅಂಥವರು ಜಿಎಸ್‌ಟಿ ರಿಜಿಸ್ಟ್ರೇಷನ್ ಮಾಡಿಸಿಲ್ಲ ಅಂದ್ರೆ ಅವರಿಗೆ ನೋಟಿಸ್ ಕಳಿಸ್ತು. ಸಾವಿರಾರು ನೋಟಿಸ್. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿಯವರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು ಆಗಿದೆ, 29 ಲಕ್ಷ ಕಟ್ಟಿ ಅಂತ ಬಂದಿದ್ದು ರಾಜ್ಯದಾದ್ಯಂತ ಸುದ್ದಿ ಆಯ್ತು. 1.63 ಕೋಟಿಗೆ 18 ಪರ್ಸೆಂಟ್ ಹಾಕಿ ನೋಡಿ, 29.34 ಲಕ್ಷ ಬರುತ್ತೆ. ಅಂದ್ರೆ ಬಂದ ದುಡ್ಡಿಗೆಲ್ಲ ಒಂದೇ ದರ ಬಿದ್ದಿದೆ ಅಂತಾಯ್ತು, ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ ಅನ್ನೋದು ಆ ಲೆಕ್ಕದಲ್ಲಿ ಎಲ್ಲೂ ಕಾಣಲ್ಲ.

ವ್ಯಾಪಾರಿಗಳು ಜುಲೈ 23, 24ಕ್ಕೆ ಹಾಲು ಮಾರಲ್ಲ, 25ಕ್ಕೆ ಅಂಗಡಿ ಬಂದ್ ಅಂತ ಕರೆ ಕೊಟ್ರು. 23ನೇ ತಾರೀಕು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳ ಜೊತೆ ಸಭೆ ಮಾಡಿದ್ರು, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಇನ್ನು ಮುಂದೆ ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ ಅಂದ್ರು, ಬಂದ್ ವಾಪಸ್ ಆಯ್ತು. ಟೀವಿಯವರಿಗೆ ಕಥೆ ಅಲ್ಲಿಗೆ ಮುಗೀತು. ನನ್ನ ಪ್ರಕಾರ ಅಲ್ಲಿಗೆ ಏನೂ ಮುಗಿದಿಲ್ಲ.

ಕಾನೂನು ಏನ್ ಹೇಳುತ್ತೆ ನೋಡೋಣ. ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಕಡ್ಡಾಯ, ಸೇವೆ ಕೊಡೋರಿಗೆ 20 ಲಕ್ಷ. ಟೀ ಅಂಗಡೀಲಿ ಕೂತು ಕುಡಿಯೋದು, ತಿನ್ನೋದು ಸೇವೆ ಲೆಕ್ಕಕ್ಕೆ ಬರೋದ್ರಿಂದ ಅಂಥವರಿಗೆ 20 ಲಕ್ಷನೇ ಮಿತಿ, ದಿನಕ್ಕೆ ಭಾಗಿಸಿದ್ರೆ 5,500 ರೂಪಾಯಿ ಕೂಡ ಆಗಲ್ಲ. 40 ಲಕ್ಷ ಅಂದ್ರೂ ದಿನಕ್ಕೆ ಸುಮಾರು 11 ಸಾವಿರ ಅಷ್ಟೆ. ಇನ್ನೊಂದು ಸೂಕ್ಷ್ಮ ಇದೆ, ಇದು ಸುಮಾರು ಜನ ಅಂಗಡಿಯವರಿಗೆ ಗೊತ್ತೇ ಇಲ್ಲ. ಬರೀ ಹಾಲು, ಬರೀ ತರಕಾರಿ ಹೀಗೆ ತೆರಿಗೆ ಇಲ್ಲದ ಸರಕು ಮಾತ್ರ ಮಾರೋನು ಎಷ್ಟು ಕೋಟಿ ಮಾಡಿದ್ರೂ ರಿಜಿಸ್ಟ್ರೇಷನ್ ಬೇಕಿಲ್ಲ. ಆದರೆ ಹಾಲಿನ ಜೊತೆ ಒಂದು ಬಿಸ್ಕೆಟ್ ಪ್ಯಾಕು ಮಾರಿದ ಅಂದ್ಕೊಳ್ಳಿ, ಆಗ ಮಿತಿ ದಾಟಿದ್ನಾ ಇಲ್ವಾ ಅಂತ ನೋಡೋವಾಗ ಹಾಲಿನ ವಹಿವಾಟೂ ಸೇರುತ್ತೆ. ಬೆಂಗಳೂರಿನ ಯಾವ ಕಾಂಡಿಮೆಂಟ್ಸಲ್ಲಿ ಹಾಲು, ಸಿಗರೇಟು, ಬಿಸ್ಕೆಟ್ಟು ಮೂರೂ ಒಟ್ಟಿಗೆ ಇಲ್ಲ ಹೇಳಿ?

ಈ 40 ಲಕ್ಷದ ಮಿತಿ ಬಂದಿದ್ದು 2019ರ ಏಪ್ರಿಲ್‌ನಲ್ಲಿ, ಆಮೇಲೆ ಅಲುಗಾಡಿಲ್ಲ. ಅದೇ ಹೊತ್ತಲ್ಲಿ ನಂದಿನಿ ಹಾಲು 2023ರ ಆಗಸ್ಟಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲಲ್ಲಿ 4 ರೂಪಾಯಿ ಜಾಸ್ತಿ ಆಯ್ತು. ದಿನಕ್ಕೆ 100 ಲೀಟರ್ ಮಾರೋ ಅಂಗಡಿಯವನು ಒಂದು ಪ್ಯಾಕೆಟ್ಟೂ ಹೆಚ್ಚಿಗೆ ಮಾರದೆ, ಈ 7 ರೂಪಾಯಿಯಿಂದಲೇ ಅವನ ವರ್ಷದ ವಹಿವಾಟು ಎರಡೂವರೆ ಲಕ್ಷಕ್ಕೂ ಮೇಲೆ ಏರುತ್ತೆ. ಸರ್ಕಾರದ ಒಪ್ಪಿಗೆಯಿಂದ ಏರಿದ ಬೆಲೆ, ಸರ್ಕಾರ ಏರಿಸದೇ ಬಿಟ್ಟ ಮಿತಿ, ಎರಡರ ಮಧ್ಯೆ ಅಂಗಡಿಯವನು ಗೊತ್ತಿಲ್ಲದೆ ಗೆರೆ ದಾಟಿರ್ತಾನೆ.

ಈಗ ಮುಖ್ಯವಾದ ಲೆಕ್ಕಕ್ಕೆ ಬರ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಕಾಂಡಿಮೆಂಟ್ಸ್ ಇದೆ ಅಂತ ಇಟ್ಕೊಳ್ಳಿ, ದಿನಕ್ಕೆ 15 ಸಾವಿರ ವ್ಯಾಪಾರ, ಅದ್ರಲ್ಲಿ 5 ಸಾವಿರ ಹಾಲು, ಉಳಿದ 10 ಸಾವಿರ ಬಿಸ್ಕೆಟ್, ಸಿಗರೇಟು, ಚಿಪ್ಸು, ಕೂಲ್ ಡ್ರಿಂಕ್ಸು. ವರ್ಷಕ್ಕೆ 54.75 ಲಕ್ಷ ವಹಿವಾಟು, ಅದ್ರಲ್ಲಿ ತೆರಿಗೆ ಇರೋ ಸರಕು 36.5 ಲಕ್ಷ. ಹಾಲಲ್ಲಿ ನೂರಕ್ಕೆ 4, ಮಿಕ್ಕಿದ್ದರಲ್ಲಿ ನೂರಕ್ಕೆ 10 ಸಿಗುತ್ತೆ ಅನ್ನಿ. ಒಟ್ಟು 4.38 ಲಕ್ಷ. ತಿಂಗಳಿಗೆ 12 ಸಾವಿರ ಬಾಡಿಗೆ ಕಳೆದ್ರೆ ಉಳಿಯೋದು 2.94 ಲಕ್ಷ, ಕರೆಂಟ್ ಬಿಲ್ಲು, ಫ್ರಿಡ್ಜ್ ರಿಪೇರಿ, ಒಡೆದ ಹಾಲಿನ ಪ್ಯಾಕೆಟ್ಟು ಎಲ್ಲಾ ಇದ್ರೊಳಗೇ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ನಿಂತಿದ್ದಕ್ಕೆ ಇಷ್ಟು.

ಹಾವೇರಿ ಥರ ಪೂರ್ತಿ ವಹಿವಾಟಿಗೆ 18 ಪರ್ಸೆಂಟ್ ಹಾಕಿದ್ರೆ ಈ ಅಂಗಡಿಗೆ ವರ್ಷಕ್ಕೆ 9.85 ಲಕ್ಷ, ನಾಲ್ಕು ವರ್ಷಕ್ಕೆ 39 ಲಕ್ಷ ಚಿಲ್ಲರೆ. ಹಾಲು ಬಿಟ್ಟು ಹಾಕಿದ್ರೂ 26.28 ಲಕ್ಷ. ಇದ್ರ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ದಂಡ ಬೇರೆ. ನಾಲ್ಕೂ ವರ್ಷ ಸೇರಿ ಅವರು ದುಡಿದಿದ್ದೇ 12 ಲಕ್ಷ ಆಗಿಲ್ಲ.

ಹಾಗಾದ್ರೆ ಇವರು ರಿಜಿಸ್ಟ್ರೇಷನ್ ಮಾಡಿಸದೇ ಇದ್ದಿದ್ರಿಂದ ಸರ್ಕಾರಕ್ಕೆ ನಿಜವಾಗ್ಲೂ ಎಷ್ಟು ಲಾಸ್ ಆಯ್ತು? ಈ ಪ್ರಶ್ನೆ ಆ ಎರಡು ವಾರದ ಗಲಾಟೆಯಲ್ಲಿ ಯಾರ ಬಾಯಲ್ಲೂ ನಾನು ಕೇಳ್ಲಿಲ್ಲ. ಡಿಸ್ಟ್ರಿಬ್ಯೂಟರ್ ವ್ಯಾನಲ್ಲಿ ಬಂದು ಇಳಿಸಿ ಹೋಗೋ ಬಿಸ್ಕೆಟ್ಟಿಗೆ ಕಂಪನಿಯವರು, ಡಿಸ್ಟ್ರಿಬ್ಯೂಟರ್‌ಗಳು ಆಗಲೇ ಜಿಎಸ್‌ಟಿ ಕಟ್ಟಿರ್ತಾರೆ, ಸಿಗರೇಟಿಗಂತೂ ಆಗ 28 ಪರ್ಸೆಂಟ್ ಜೊತೆ ಸೆಸ್ ಕೂಡ ಇತ್ತು. ಅಂಗಡಿಯವರು ಆ ತೆರಿಗೆ ಸೇರಿದ ರೇಟಲ್ಲೇ ಕೊಂಡಿರ್ತಾರೆ. ಜಿಎಸ್‌ಟಿ ಅನ್ನೋದರ ತಿರುಳೇ ಪ್ರತಿ ಹಂತದಲ್ಲಿ ಕೂಡಿದ ಬೆಲೆಗೆ ಮಾತ್ರ ತೆರಿಗೆ, ಹಿಂದೆ ಕಟ್ಟಿದ್ದು ಕ್ರೆಡಿಟ್ ಆಗಿ ವಾಪಸ್. ಬಿಲ್ಲಲ್ಲಿ ಕೊಂಡ ಸರಕಿನ ಮಟ್ಟಿಗೆ ಹೇಳೋದಾದ್ರೆ, ಈ ಅಂಗಡಿ ಹಂತದಲ್ಲಿ ತಪ್ಪಿ ಹೋಗಿರೋದು ಅವರ ಮಾರ್ಜಿನ್ ಮೇಲಿನ ತೆರಿಗೆ ಮಾತ್ರ. ಹಾಲು ಬಿಟ್ಟು ಮಿಕ್ಕ ಸರಕಲ್ಲಿ ಸಿಗೋ 3.65 ಲಕ್ಷದ ಮಾರ್ಜಿನ್ನಿಗೆ 18 ಪರ್ಸೆಂಟ್ ಅಂದ್ರೆ ವರ್ಷಕ್ಕೆ 65 ಸಾವಿರ ಚಿಲ್ಲರೆ, ನಾಲ್ಕು ವರ್ಷಕ್ಕೆ ಸುಮಾರು 2.63 ಲಕ್ಷ. ಇನ್ನು ಇದೇ ಕಾನೂನಲ್ಲಿ ಕಾಂಪೊಸಿಷನ್ ಸ್ಕೀಮ್ ಅಂತಿದೆ, ಒಂದೂವರೆ ಕೋಟಿವರೆಗೆ ವಹಿವಾಟು ಇರೋ ವ್ಯಾಪಾರಿ ತೆರಿಗೆ ಇರೋ ಸರಕಿನ ಮೇಲೆ 1 ಪರ್ಸೆಂಟ್ ಕಟ್ಟಿದ್ರೆ ಸಾಕು. ಇವರು ಅದ್ರಲ್ಲಿದ್ದಿದ್ರೆ ವರ್ಷಕ್ಕೆ 36,500, ದಿನಕ್ಕೆ ಸರಿಯಾಗಿ 100 ರೂಪಾಯಿ, ನಾಲ್ಕು ವರ್ಷಕ್ಕೆ 1.46 ಲಕ್ಷ ಆಗ್ತಿತ್ತು.

ದಿನಕ್ಕೆ 100 ರೂಪಾಯಿ ಕಟ್ಟೋಕೆ ತಯಾರಿದ್ದ ಮನುಷ್ಯನ ಮುಂದೆ 39 ಲಕ್ಷದ ಕಾಗದ ಹಿಡಿದಂಗೆ ಆಯ್ತಲ್ಲ ಇದು. ಯಾಕೆ ಹೀಗೆ ಅಂದ್ರೆ ಕಾಂಪೊಸಿಷನ್ನನ್ನ ಮುಂದಕ್ಕೆ ಮಾತ್ರ ಆರಿಸ್ಕೋಬಹುದು, ಹಿಂದಿನ ವರ್ಷಕ್ಕೆ ಸಿಗಲ್ಲ. ಇನ್‌ಪುಟ್ ಕ್ರೆಡಿಟ್, ಅಂದ್ರೆ ಸರಕು ಕೊಳ್ಳೋವಾಗ ಕಟ್ಟಿದ ತೆರಿಗೆ ವಾಪಸ್ ಸಿಗೋದು, ಅದು ಕೂಡ ರಿಜಿಸ್ಟರ್ ಆದೋರಿಗೆ ಮಾತ್ರ. ಗಿರಾಕಿ ಹತ್ರ ಆಗ ವಸೂಲಿ ಮಾಡದ ತೆರಿಗೆಯನ್ನ ಈಗ ಹೋಗಿ ಕೇಳೋಕಾಗಲ್ಲ, 2022ರಲ್ಲಿ ನಾನು ತಿಂದ ಬನ್ನಿಗೆ 2025ರಲ್ಲಿ ಬಂದು ದುಡ್ಡು ಕೊಡಿ ಅಂದ್ರೆ ನಾನು ಕೊಡ್ತೀನಾ? ತೆರಿಗೆ ಅನ್ನೋದು ವ್ಯಾಪಾರ ಮಾಡೋ ಹೊತ್ತಲ್ಲಿ ಗೊತ್ತಿರ್ಬೇಕು, ಆಗಲೇ ಬೆಲೆಗೆ ಸೇರಿಸೋಕೆ ಆಗ್ಬೇಕು. ಹಾಗಾಗದೇ ಇದ್ದಿದ್ದು ಗ್ರಾಹಕನ ಮೇಲಿನ ತೆರಿಗೆಯಾಗಿ ಉಳಿಯಲ್ಲ, ಅಂಗಡಿಯವನ ಬಂಡವಾಳದ ಮುಟ್ಟುಗೋಲು ಆಗುತ್ತೆ. ನಾನು ಈ ಇಡೀ ಪ್ರಕರಣದಲ್ಲಿ ಹೇಳ್ಬೇಕಂತಿರೋದು ಇದೊಂದೇ.

ಯುಪಿಐಗೆ ಬಂದದ್ದೆಲ್ಲ ವ್ಯಾಪಾರ ಅಂತ ಹಿಡಿಯೋದೂ ತಪ್ಪು. ನಮ್ಮ ಅಂಗಡಿಯಣ್ಣನ ಫೋನಿಗೆ ಊರಿಂದ ತಮ್ಮ ಕಳಿಸೋ ಅಡಿಕೆ ದುಡ್ಡು ಬರುತ್ತೆ, ಚೀಟಿ ಎತ್ತಿದ ದುಡ್ಡು ಬರುತ್ತೆ, "ಅಣ್ಣ ಒಂದು 2 ಸಾವಿರ ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅಂತ ಮೇಲಿನ ಮನೆ ಪಿಜಿ ಹುಡುಗರು ವಾರಕ್ಕೆರಡು ಸಲ ಬರ್ತಾರೆ. ಇದನ್ನೆಲ್ಲ ನಾಲ್ಕು ವರ್ಷ ಆದ್ಮೇಲೆ ಬಿಡಿಸಿ ತೋರಿಸಿ ಅಂದ್ರೆ ಯಾರಿಂದ ಸಾಧ್ಯ. ಉತ್ತರ ಕೊಟ್ರೆ, ದಾಖಲೆ ತೋರಿಸಿದ್ರೆ ತೆರಿಗೆ ಇಲ್ಲದ ಸರಕನ್ನ ಬಿಡ್ತೀವಿ ಅಂತ ಇಲಾಖೆ ಹೇಳಿತ್ತು, ಅದು ಸರೀನೇ, ಆದರೆ ದಾಖಲೆ ಇಡ್ಬೇಕು ಅಂತಲೇ ಗೊತ್ತಿರದೋರಿಗೆ ಆ ಮಾತಿಂದ ಏನೂ ಸಹಾಯ ಆಗಲ್ಲ.

ರಾಜಕೀಯದ ಕಡೆ

ನೋಟಿಸ್ ಸುದ್ದಿ ಆದ ತಕ್ಷಣ ಶುರುವಾಗಿದ್ದು ಯಾರು ಕಳಿಸಿದ್ದು ಅನ್ನೋ ಜಗಳ. ಕಾಂಗ್ರೆಸ್ಸಿನವರು ಜಿಎಸ್‌ಟಿ ಕೇಂದ್ರದ್ದು ಅಂದ್ರು, ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅವರು ನೋಟಿಸ್ ಕೊಟ್ಟಿದ್ದು ರಾಜ್ಯದ ಇಲಾಖೆ ಅಂದ್ರು. ಎರಡೂ ಅರ್ಧರ್ಧ ನಿಜ. ಕಳಿಸಿದ್ದು ರಾಜ್ಯದ ಅಧಿಕಾರಿಗಳೇ. ಆದರೆ ದರ, ಮಿತಿ, ಕಾಂಪೊಸಿಷನ್ ನಿಯಮ ಇವೆಲ್ಲ ತೀರ್ಮಾನ ಆಗೋದು ಜಿಎಸ್‌ಟಿ ಕೌನ್ಸಿಲ್ಲಲ್ಲಿ, ಅಲ್ಲಿ ಕೇಂದ್ರಕ್ಕೆ ಮೂರನೇ ಒಂದು ಪಾಲು ಮತ, ಎಲ್ಲಾ ರಾಜ್ಯ ಸೇರಿ ಮೂರನೇ ಎರಡು ಪಾಲು, ಮುಕ್ಕಾಲು ಪಾಲು ಒಪ್ಪಿದ್ರೆ ಮಾತ್ರ ಪಾಸ್. 18 ಪರ್ಸೆಂಟ್ ವಸೂಲಿ ಆದ್ರೆ 9 ರಾಜ್ಯಕ್ಕೆ, 9 ಕೇಂದ್ರಕ್ಕೆ. ದುಡ್ಡಲ್ಲಿ ಇಬ್ಬರಿಗೂ ಪಾಲಿದೆ ಅಂದ್ಮೇಲೆ ಹೊಣೆಯಲ್ಲೂ ಇಬ್ಬರಿಗೂ ಪಾಲಿರ್ಬೇಕು.

ರಾಜ್ಯ ಯಾಕೆ ಸಣ್ಣ ಅಂಗಡಿವರೆಗೂ ಬಂತು ಅಂತ ಕೇಳಿದ್ರೆ ಉತ್ತರ ಬಜೆಟ್ಟಲ್ಲಿದೆ. 2017ಕ್ಕೆ ಮುಂಚೆ ವ್ಯಾಟ್ ದರ ನಮ್ಮ ವಿಧಾನಸಭೆ ಕೈಲಿತ್ತು. ಜಿಎಸ್‌ಟಿ ಬಂದ್ಮೇಲೆ ಅದು ಹೋಯ್ತು, ಬದಲಿಗೆ ಐದು ವರ್ಷ ವರ್ಷಕ್ಕೆ 14 ಪರ್ಸೆಂಟ್ ಬೆಳವಣಿಗೆ ಲೆಕ್ಕದಲ್ಲಿ ಪರಿಹಾರ ಸಿಕ್ತು, 2022ರ ಜೂನ್‌ಗೆ ಅದೂ ನಿಂತೋಯ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚೋದ್ರಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ 4.713ರಿಂದ 3.647 ಪರ್ಸೆಂಟಿಗೆ ಇಳೀತು, ಇದು ನಮಗೆ ಆದ ಅನ್ಯಾಯ ಅಂತ ನಾನೂ ಒಪ್ತೀನಿ. ಇನ್ನೊಂದು ಕಡೆ 2025-26ರ ಬಜೆಟ್ 4.09 ಲಕ್ಷ ಕೋಟಿ, ಗ್ಯಾರಂಟಿಗಳಿಗೇ ಸುಮಾರು 51 ಸಾವಿರ ಕೋಟಿ, ವಾಣಿಜ್ಯ ತೆರಿಗೆ ಇಲಾಖೆಗೆ 1.20 ಲಕ್ಷ ಕೋಟಿ ಟಾರ್ಗೆಟ್.

ರಾಜ್ಯದ ಕೈಲಿ ಉಳಿದಿರೋ ಕೀಲಿಗಳು ಕಮ್ಮಿ, ಹಂಗಾಗಿ ಇದ್ದಿದ್ದನ್ನೆಲ್ಲ ತಿರುಗಿಸ್ತಾ ಬಂದ್ರು. 2024ರ ಜೂನ್ 15ಕ್ಕೆ ಪೆಟ್ರೋಲ್ ಮಾರಾಟ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಹೋಯ್ತು. ಡೀಸೆಲ್ಲಿಗೆ ಆಗಲೂ ಏರಿಸಿದ್ರು, 2025ರ ಏಪ್ರಿಲಲ್ಲಿ ಮತ್ತೆ ಏರಿಸಿದ್ರು. ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದಿದ್ದು 2 ಪರ್ಸೆಂಟ್. ವೃತ್ತಿ ತೆರಿಗೆಗೆ ಸಂವಿಧಾನದಲ್ಲೇ ವರ್ಷಕ್ಕೆ 2,500ರ ಮಿತಿ ಇದೆ, ನಮ್ಮಲ್ಲಿ 2,400 ಇತ್ತು, ಆ ಉಳಿದ 100 ರೂಪಾಯಿಗೂ ತಿದ್ದುಪಡಿ ಮಸೂದೆ ತಂದು ಫೆಬ್ರವರಿ ತಿಂಗಳು 200ರ ಬದಲು 300 ಮಾಡಿದ್ರು. 100 ರೂಪಾಯಿಗೆ ಒಂದು ಮಸೂದೆ ತರೋಕೆ ಆಗುತ್ತೆ ಅಂದ್ಮೇಲೆ ಸಾವಿರಾರು ಅಂಗಡಿಗಳ ಜೀವನದ ಪ್ರಶ್ನೆಗೆ ಶಾಸನ ಸಭೆಯ ಸಮಯ ಯಾಕೆ ಸಿಗಬಾರದು ಅನ್ನೋದು ನನ್ನ ಸಿಟ್ಟು. ಖರ್ಚನ್ನ ಮೊದಲು ನಿರ್ಧಾರ ಮಾಡಿ ಆಮೇಲೆ ದುಡ್ಡು ಹುಡ್ಕೋಕೆ ಹೊರಟ್ರೆ ಇಲಾಖೆ ಮೇಲೆ ಟಾರ್ಗೆಟ್ ಒತ್ತಡ ಬೀಳುತ್ತೆ, ಡೇಟಾ ಸುಲಭಕ್ಕೆ ಸಿಗೋದು ಯುಪಿಐನಲ್ಲಿ, ಅಲ್ಲಿಗೆ ಹೋಗ್ತಾರೆ. ಪೂರ್ತಿ ಕ್ಯಾಶಲ್ಲೇ ವ್ಯಾಪಾರ ಮಾಡಿದೋನು ಯಾರ ಕಣ್ಣಿಗೂ ಬೀಳಲ್ಲ, ಬ್ಯಾಂಕ್ ಖಾತೆ ಮೂಲಕ ಬಹಿರಂಗವಾಗಿ ದುಡ್ಡು ತಗೊಂಡೋನು ಸಿಕ್ಕಾಕೊಳ್ತಾನೆ.

ಇನ್ನೊಂದು ವಾದನೂ ಇದೆ, ಅದನ್ನ ತಳ್ಳಿಹಾಕೋಕಾಗಲ್ಲ. ರಸ್ತೆ ಆಚೆ ಬದಿ ಇರೋ ಅಂಗಡಿಯವನು ರಿಜಿಸ್ಟ್ರೇಷನ್ ಮಾಡಿಸಿ, ಆಡಿಟರ್ ಫೀಸು ಕೊಟ್ಟು ಪ್ರಾಮಾಣಿಕವಾಗಿ ತೆರಿಗೆ ಕಟ್ಟಿದಾನೆ, ಈ ಬದಿಯವನು ಕಟ್ಟಿಲ್ಲ, ಇದು ಸ್ಪರ್ಧೆಗೆ ಮೋಸ ಅಲ್ವಾ? ಹೌದು, ಮೋಸನೇ. ಮಾರುಕಟ್ಟೆ ನಂಬೋರು ಇದನ್ನ ಎಲ್ಲರಿಗಿಂತ ಮೊದಲು ಒಪ್ಕೋಬೇಕು, ನಿಯಮ ಎಲ್ಲರಿಗೂ ಒಂದೇ ಇರ್ಬೇಕು. ಕಟ್ಟಿದೋನಿಗೆ ನ್ಯಾಯ ಸಿಗ್ಬೇಕಂದ್ರೆ ಕಟ್ಟದೋನು ಅವನಷ್ಟೇ ಕಟ್ಟೋ ಹಂಗಾಗ್ಬೇಕು, ಅವನು 1 ಪರ್ಸೆಂಟ್ ಕಟ್ಟಿದ್ರೆ ಇವನೂ 1 ಪರ್ಸೆಂಟ್ ಮತ್ತು ತಡವಾಗಿದ್ದಕ್ಕೆ ಬಡ್ಡಿ. ಇಪ್ಪತ್ತು ಪಟ್ಟು ಕೇಳಿದ್ರೆ ಇವನು ಅಂಗಡಿ ಮುಚ್ತಾನೆ, ಇಲ್ಲಾ ಹೆಂಡತಿ ಹೆಸರಲ್ಲಿ ಇನ್ನೊಂದು ಕ್ಯೂಆರ್ ಮಾಡಿಸ್ತಾನೆ, ಇಲ್ಲಾ ನಮ್ಮ ಅಣ್ಣನ ಥರ ಬ್ಲೇಡ್ ತಗೊಂಡು ಸ್ಟಿಕರ್ ಕೆರೀತಾನೆ. ಮೂರರಲ್ಲೂ ಸರ್ಕಾರಕ್ಕೆ ಒಂದು ರೂಪಾಯಿ ಬರಲ್ಲ.

ಮುಖ್ಯಮಂತ್ರಿಗಳು ಹಳೇದು ಬಿಡ್ತೀವಿ ಅಂದಿದ್ದು ಜನಕ್ಕೆ ಉಸಿರು ಕೊಡ್ತು, ಅದಕ್ಕೆ ಕೃತಜ್ಞತೆ ಇದೆ. ಆದರೆ ಕಾನೂನಿಂದ ಬಂದ ಬಾಕಿಯನ್ನ ಮಾತಲ್ಲಿ ಮನ್ನಾ ಮಾಡೋ ಪದ್ಧತಿ ನನಗೆ ಹೆದರಿಕೆ ತರುತ್ತೆ, ಇವತ್ತು ಬಂದ್ ಕರೆ ಕೊಡೋ ಶಕ್ತಿ ಇದ್ದೋರಿಗೆ ಬಿಟ್ರು, ನಾಳೆ ಸಂಘ ಇಲ್ಲದೋನಿಗೆ ಯಾರು ಬಿಡ್ತಾರೆ? ದಾರಿ ಕಾನೂನಲ್ಲೇ ಇದೆ. 2024ರಲ್ಲಿ ಜಿಎಸ್‌ಟಿ ಕಾಯ್ದೆಗೆ 11ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು, ಒಂದು ವ್ಯಾಪಾರದಲ್ಲಿ ಎಲ್ಲರೂ ಸಾಮಾನ್ಯವಾಗಿ ತೆರಿಗೆ ಹಾಕದೇ ನಡ್ಕೊಂಡು ಬಂದಿದ್ರೆ, ಕೌನ್ಸಿಲ್ ಶಿಫಾರಸ್ಸು ಇದ್ರೆ ಆ ಹಳೇ ತೆರಿಗೆ ವಸೂಲಿ ಬಿಡಬಹುದು ಅಂತ. ಅದು ಇದಕ್ಕೆ ಪೂರ್ತಿ ಹೊಂದುತ್ತೋ ಇಲ್ವೋ ವಾದ ಮಾಡಬಹುದು, ಹೊಂದದಿದ್ರೆ ಮೊದಲ ಸಲ ರಿಜಿಸ್ಟರ್ ಆಗೋ ಸಣ್ಣ ವ್ಯಾಪಾರಿಗೆ ಹಿಂದಿನ ವರ್ಷಗಳಿಗೂ 1 ಪರ್ಸೆಂಟ್ ದರ ಕೊಡೋ ತಿದ್ದುಪಡಿ ಕೇಳಬಹುದು. ಹಾಲಿನಂಥ ತೆರಿಗೆ ಇಲ್ಲದ ಸರಕನ್ನ ಮಿತಿ ಲೆಕ್ಕದಿಂದ ಹೊರಗಿಡಿ ಅಂತ ಕೇಳಬಹುದು, 40 ಲಕ್ಷವನ್ನ ಬೆಲೆ ಏರಿಕೆಗೆ ಕಟ್ಟಿ ಅಂತ ಕೇಳಬಹುದು. ಕೌನ್ಸಿಲ್ಲಲ್ಲಿ ಕರ್ನಾಟಕದ ಪರ ಕೂರೋ ಸಚಿವರ ಕೈಗೆ ನಮ್ಮ ವಿಧಾನಸಭೆ ಎರಡೂ ಪಕ್ಷ ಸೇರಿ ಇಂಥದ್ದೊಂದು ನಿರ್ಣಯ ಕೊಟ್ರೆ ಅದಕ್ಕಿರೋ ತೂಕನೇ ಬೇರೆ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕೆಟ್, ಕೇಕು, ಚಾಕ್ಲೇಟು 18ರಿಂದ 5 ಪರ್ಸೆಂಟಿಗೆ ಬಂತು, ಮಿಕ್ಸ್ಚರ್ ಥರದ ಖಾರ ತಿಂಡಿ 12ರಿಂದ 5ಕ್ಕೆ. ಜುಲೈನಲ್ಲಿ ಯಾವ ಬನ್ನು ಬಿಸ್ಕೆಟ್ಟಿನ ಅಂಗಡಿಗೆ 18ರ ನೋಟಿಸ್ ಹೋಗಿತ್ತೋ, ಎರಡೇ ತಿಂಗಳಿಗೆ ಅದೇ ಬಿಸ್ಕೆಟ್ಟಿಗೆ 18 ಜಾಸ್ತಿ ಆಯ್ತು ಅಂತ ಕೌನ್ಸಿಲ್ಲೇ ಒಪ್ಕೊಂಡಂಗಾಯ್ತು.

ನಮ್ಮ ಅಂಗಡಿಯಣ್ಣ ಕೊನೆಗೆ ಆಡಿಟರ್ ಹತ್ರ ಹೋಗಿ ಕಾಂಪೊಸಿಷನ್‌ಗೆ ರಿಜಿಸ್ಟ್ರೇಷನ್ ಮಾಡಿಸಿದ್ರು. ಮೂರು ತಿಂಗಳಿಗೊಮ್ಮೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಅಂಗಡೀಲಿ ಬೋರ್ಡ್ ಹಾಕೋದು ಕಡ್ಡಾಯ ಅಂತ ನಾನೇ ಕೂತು ಕನ್ನಡದಲ್ಲಿ ಬರೆದುಕೊಟ್ಟೆ, "ಕಾಂಪೊಸಿಷನ್ ತೆರಿಗೆದಾರರು" ಅಂತ, ಗೋಂದಿನ ಗುರುತು ಇದ್ದ ಜಾಗದಲ್ಲೇ ಅಂಟಿಸಿದ್ರು. ಪಕ್ಕದಲ್ಲಿ ಕ್ಯೂಆರ್ ವಾಪಸ್ ಬಂತು. ಅವತ್ತು ಅವರು ಕೇಳಿದ್ದು ಒಂದೇ, "ಹಳೇದು ಕೇಳಲ್ಲ ಅಂತ ಸಿಎಂ ಹೇಳಿದ್ರಲ್ಲ ಸಾರ್, ನಾನೂ ಆ ವರ್ಷಗಳಲ್ಲಿ ದಾಟಿರ್ಬೋದು, ಅದು ನನಗೂ ಸೇರುತ್ತಾ, ಕಾಯ್ದೆಯಲ್ಲಿ ಎಲ್ಲಾದ್ರೂ ಬರೆದಿದಾರಾ?" ಕಾಯ್ದೆಯಲ್ಲಿ ಬರೀಬೇಕಂದ್ರೆ ಕೌನ್ಸಿಲ್ ಒಪ್ಪಬೇಕಣ್ಣ ಅಂದೆ. ಗಲ್ಲಾಪೆಟ್ಟಿಗೆ ಎಳೆದು ಹತ್ತು ರೂಪಾಯಿ ನೋಟಿನ ಕಟ್ಟಿನ ಕೆಳಗಿಂದ ಒಂದು ಪೇಪರ್ ಕಟಿಂಗ್ ತೆಗೆದು ತೋರಿಸಿದ್ರು, ಜುಲೈ 24ರದ್ದು, ಮುಖ್ಯಮಂತ್ರಿಗಳ ಮಾತು ಹೆಡ್‌ಲೈನಲ್ಲಿತ್ತು. ಮಡಚಿ ಮಡಚಿ ನಾಲ್ಕು ಕಡೆ ಸವೆದಿತ್ತು, ಹುಷಾರಾಗಿ ಮತ್ತೆ ಅಲ್ಲೇ ಇಟ್ಕೊಂಡ್ರು.